‘ಟಕ್’ ಎಂದು ಸುಮ್ಮನಾಗುವ ಕಾರು



ಕಾರಿನಲ್ಲಿ ಕುಳಿತು ಕೀ ತಿರುಗಿಸುತ್ತೀರಿ. ಮುಂದೆ ಬಾನೆಟ್ಟಿನ ಒಳಗೆಲ್ಲೋ ‘ಟಕ್’ ಎಂದು ಸದ್ದಾಗುತ್ತದೆ. ಎಂಜಿನ್ ಅಲ್ಲಾಡುವುದಿಲ್ಲ. ಮತ್ತೆ ತಿರುಗಿಸಿದರೆ ಮತ್ತೆ ‘ಟಕ್’. ಇದಕ್ಕೆ ನಾವು ಮನೆಯಲ್ಲಿ ‘ಸೆಲ್ಫ್ ಎತ್ತುತ್ತಿಲ್ಲ’ ಎನ್ನುತ್ತೇವೆ, ಬೀದಿಗೆ ಬಂದರೆ ತಮಿಳಿನಲ್ಲಿ ‘ಸೆಲ್ಫ್ ಎಡುಕ್ಕಲೆ’ ಎನ್ನುತ್ತೇವೆ. ಎರಡು ಭಾಷೆಯಲ್ಲೂ ತಪ್ಪನ್ನು ಹೊರಿಸುವುದು ಸೆಲ್ಫ್ ಮೋಟರಿನ ಮೇಲೆಯೇ. ಅದು ತಪ್ಪು ಮಾಡಿದೆಯೋ ಇಲ್ಲವೋ ಎಂದು ವಿಚಾರಿಸುವವರು ಕಡಿಮೆ.

ಮೊರಪ್ಪೂರಿನಂಥ ಊರಿನಲ್ಲಿ ಇದು ಸಣ್ಣ ತೊಂದರೆಯಲ್ಲ. ಇಲ್ಲಿಂದ ಧರ್ಮಪುರಿಗೆ 1906ರಲ್ಲಿ ಆರಂಭವಾದ ನ್ಯಾರೋ ಗೇಜ್ ರೈಲು 1941ರಲ್ಲಿ ನಿಂತುಹೋಯಿತು. ಆಮೇಲೆ ದಶಕಗಳ ಕಾಲ ಆ ಊರಿಗೆ ರಸ್ತೆಯೇ ಗತಿ. ರಾತ್ರಿ ರೈಲಿಗೆ ಬರುವ ಮಗಳನ್ನು ಕರೆತರಲು ಸ್ಟೇಷನ್ನಿಗೆ ಹೋಗಬೇಕು, ನೋವು ಕಾಣಿಸಿಕೊಂಡ ಬಸುರಿಯನ್ನು ಅರೂರಿಗೋ ಧರ್ಮಪುರಿಗೋ ಕರೆದೊಯ್ಯಬೇಕು, ಆಗಲೇ ಕಾರು ಹೀಗೆ ಹಟ ಹಿಡಿಯುತ್ತದೆ. ಅಂಥ ಅವಸರವಿದ್ದರೆ ಮೊದಲು 108ಕ್ಕೆ ಫೋನ್ ಮಾಡಿ. ಬಾನೆಟ್ ಎತ್ತುವುದು ಆಮೇಲೆ.

ಈ ‘ಸೆಲ್ಫ್’ ಎಂಬ ಹೆಸರು ಹೇಗೆ ಬಂತು? ಮೊದಲು ಕಾರಿನ ಮೂತಿಗೆ ಹ್ಯಾಂಡಲ್ ತೂರಿಸಿ ಕೈಯಿಂದ ಎಂಜಿನ್ ತಿರುಗಿಸಬೇಕಾಗಿತ್ತು. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಎಂಜಿನ್ ತಾನೇ ಎದ್ದುಕೊಳ್ಳುವಂತಾದ್ದರಿಂದ ಅದು ಸೆಲ್ಫ್ ಸ್ಟಾರ್ಟರ್. ನಮ್ಮ ಕಡೆ ಸ್ಟಾರ್ಟರ್ ಬಿಟ್ಟುಹೋಗಿ ಸೆಲ್ಫ್ ಮಾತ್ರ ಉಳಿಯಿತು. ಮದರಾಸಿನ ಪಾಡಿಯಲ್ಲಿ 1961ರಲ್ಲಿ ಆರಂಭವಾದ ಲ್ಯೂಕಾಸ್ ಟಿವಿಎಸ್ ಕಂಪನಿಯ ಸ್ಟಾರ್ಟರುಗಳನ್ನು ನೀವು ಎಷ್ಟೋ ಗಾಡಿಗಳಲ್ಲಿ ನೋಡಿರುತ್ತೀರಿ.

ಈಗ ‘ಟಕ್’ ಎಂಬ ಸದ್ದಿಗೆ ಬರೋಣ. ಸ್ಟಾರ್ಟರಿಗೆ ಎರಡು ದಾರಿಯಿಂದ ಕರೆಂಟು ಹೋಗುತ್ತದೆ. ಒಂದು ಸಣ್ಣ ದಾರಿ: ಕೀಯಿಂದ ತೆಳ್ಳಗಿನ ವಯರಿನಲ್ಲಿ ಸ್ಟಾರ್ಟರಿನ ಬೆನ್ನಿಗಂಟಿದ ಸೊಲೆನಾಯ್ಡಿಗೆ. ಸೊಲೆನಾಯ್ಡ್ ಎಂದರೆ ತಂತಿ ಸುತ್ತಿದ ಡಬ್ಬಿ, ಒಳಗೆ ಒಂದು ಕಬ್ಬಿಣದ ಗುಂಡಿ. ಕರೆಂಟು ಬಂದಾಗ ಗುಂಡಿ ಒಳಕ್ಕೆ ಸೆಳೆಯಲ್ಪಟ್ಟು ಎರಡು ಕೆಲಸ ಮಾಡುತ್ತದೆ. ಸಣ್ಣ ಹಲ್ಲಿನ ಚಕ್ರವನ್ನು ಎಂಜಿನ್ನಿನ ಫ್ಲೈವೀಲಿಗೆ ಕಚ್ಚಿಸುತ್ತದೆ. ಹಾಗೆಯೇ ಒಂದು ತಾಮ್ರದ ತಟ್ಟೆಯನ್ನು ಎರಡು ದಪ್ಪ ಬೋಲ್ಟುಗಳ ಮೇಲೆ ಒತ್ತುತ್ತದೆ. ಆಗ ದೊಡ್ಡ ದಾರಿ ತೆರೆಯುತ್ತದೆ: ಬ್ಯಾಟರಿಯಿಂದ ದಪ್ಪ ಕೇಬಲಿನಲ್ಲಿ ನೇರವಾಗಿ ಮೋಟರಿಗೆ. ನೀವು ಕೇಳುವ ‘ಟಕ್’ ಆ ಗುಂಡಿ ಬಡಿದ ಸದ್ದು. ಅಂದರೆ ಸಣ್ಣ ದಾರಿ ಸರಿಯಾಗಿದೆ, ದೊಡ್ಡ ದಾರಿಯಲ್ಲಿ ಎಲ್ಲೋ ಅಡ್ಡಿಯಿದೆ. ಕೀ ತಿರುಗಿಸಿದಾಗ ಏನೂ ಸದ್ದಿಲ್ಲದಿದ್ದರೆ ಅದು ಬೇರೆಯೇ ಕಾಯಿಲೆ.

ಒಂದು ಎಚ್ಚರಿಕೆ. ಈಚಿನ ಕಾರುಗಳಲ್ಲಿ ಫ್ಯೂಸ್ ಪೆಟ್ಟಿಗೆಯ ರಿಲೇ ಕೂಡ ಮೆಲ್ಲಗೆ ‘ಟಿಕ್’ ಎನ್ನುತ್ತದೆ. ಒಬ್ಬರು ಕೀ ತಿರುಗಿಸಲಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಸದ್ದು ಎಲ್ಲಿಂದ ಬರುತ್ತಿದೆ ಎಂದು ಕೇಳಲಿ. ಕೆಳಗಿನಿಂದ ಗಟ್ಟಿಯಾಗಿ ಬಂದರೆ ಮಾತ್ರ ಅದು ಸೊಲೆನಾಯ್ಡಿನದು.

ಸದ್ದಿನಲ್ಲೂ ಎರಡು ಬಗೆ. ‘ಟಕಟಕಟಕ’ ಎಂದು ಗುಬ್ಬಚ್ಚಿ ಕುಕ್ಕಿದ ಹಾಗೆ ಬಂದರೆ ಬಹುಮಟ್ಟಿಗೆ ಬ್ಯಾಟರಿ ಇಳಿದಿದೆ, ಇಲ್ಲವೇ ಅದರ ತಲೆಯ ಕ್ಲಾಂಪು ಸಡಿಲವಾಗಿದೆ. ಗುಂಡಿ ಒಳಗೆ ಹೋಗಿ ದೊಡ್ಡ ದಾರಿ ತೆರೆದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಗುಂಡಿ ಕೈಬಿಡುತ್ತದೆ, ವೋಲ್ಟೇಜ್ ಮತ್ತೆ ಏರುತ್ತದೆ, ಮತ್ತೆ ಸೆಳೆಯುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾದರೆ ಹುಡುಕಾಟ ಸ್ವಲ್ಪ ದೊಡ್ಡದು.

ಇಲ್ಲಿ ಎಲ್ಲರೂ ಹೇಳುವ ಮಾತೊಂದಿದೆ. ‘ಲೈಟು ಚೆನ್ನಾಗಿ ಉರಿಯುತ್ತದೆ, ಹಾರನ್ ಹೊಡೆಯುತ್ತದೆ, ಆದ್ದರಿಂದ ಬ್ಯಾಟರಿಯೂ ವಯರೂ ಸರಿಯಿದೆ, ಸೆಲ್ಫ್ ಹೋಗಿದೆ.’ ಹಣ ಕಳೆಯುವುದು ಈ ಮಾತಿನಿಂದಲೇ. ಸ್ವಲ್ಪ ಲೆಕ್ಕ ಹಾಕೋಣ. 55 ವಾಟಿನ ಹೆಡ್‌ಲೈಟ್ ಬಲ್ಬು ಎಳೆಯುವುದು ಸುಮಾರು 5 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಎಳೆಯುವುದು 100ರಿಂದ 200 ಆಂಪಿಯರ್. ಡೀಸೆಲ್ ಗಾಡಿಗೆ ಇನ್ನೂ ಹೆಚ್ಚು. ದಾರಿಯಲ್ಲಿ ಒಂದು ಕೆಟ್ಟ ಜೋಡಣೆ ಇದೆ, ಅದರ ತಡೆ ಓಮಿನ 100ರಲ್ಲಿ 2 ಭಾಗ ಮಾತ್ರ ಎಂದಿಟ್ಟುಕೊಳ್ಳಿ. 5 ಆಂಪಿಯರಿಗೆ ಅದು ನುಂಗುವುದು ವೋಲ್ಟಿನ ಹತ್ತನೇ ಒಂದು ಭಾಗ; ಲೈಟಿಗೆ ಗೊತ್ತೇ ಆಗುವುದಿಲ್ಲ. 150 ಆಂಪಿಯರಿಗೆ ಅದೇ ಜೋಡಣೆ 3 ವೋಲ್ಟ್ ನುಂಗುತ್ತದೆ. ಮಾವಿನ ತೋಪಿಗೆ ಹೋಗುವ ಪೈಪಿನಲ್ಲಿ ಕೆಸರು ಕಟ್ಟಿಕೊಂಡಿದ್ದರೂ ಒಂದು ಬಿಂದಿಗೆ ತುಂಬಿಕೊಳ್ಳಬಹುದು. ಅದನ್ನು ನೋಡಿ ತೋಪಿಗೆ ನೀರು ಹಾಯುತ್ತದೆ ಎನ್ನಲಾದೀತೇ?

ಆದರೂ ಲೈಟಿನಿಂದ ಒಂದು ಉಪಯೋಗವಿದೆ. ರಾತ್ರಿ ಹೆಡ್‌ಲೈಟ್ ಹಾಕಿ ಗೋಡೆಯ ಮೇಲಿನ ಬೆಳಕನ್ನು ನೋಡುತ್ತಾ ಕೀ ತಿರುಗಿಸಿ. ಬೆಳಕು ಪೂರ್ತಿ ಸತ್ತುಹೋದರೆ ಬ್ಯಾಟರಿ ಸೋತಿದೆ, ಇಲ್ಲವೇ ಬ್ಯಾಟರಿ ತಲೆಯ ಜೋಡಣೆ ಕೆಟ್ಟಿದೆ, ಅಪರೂಪಕ್ಕೆ ಮೋಟರೋ ಎಂಜಿನ್ನೋ ಬಿಗಿದುಕೊಂಡಿದೆ. ಬೆಳಕು ಅಲ್ಲಾಡದೆ ಹಾಗೆಯೇ ಇದ್ದರೆ ದೊಡ್ಡ ದಾರಿಯಲ್ಲಿ ಕರೆಂಟೇ ಹರಿಯುತ್ತಿಲ್ಲ. ಆಗ ಸಂಶಯ ಸೊಲೆನಾಯ್ಡಿನ ತಾಮ್ರದ ತಟ್ಟೆ, ಮೋಟರಿನ ಕಾರ್ಬನ್ ಬ್ರಷ್ ಅಥವಾ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿಯ ಮೇಲೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಲೆಡ್ಜರನ್ನು ಹೊಸದಾಗಿ ಬರೆಯುತ್ತಿರಲಿಲ್ಲ. ಯಾವ ಪುಟದವರೆಗೆ ಸರಿಯಿದೆ, ಯಾವ ಪುಟದಿಂದ ವ್ಯತ್ಯಾಸ ಶುರುವಾಗಿದೆ ಎಂದು ಒಂದು ಕಡೆಯಿಂದ ಟಿಕ್ ಹಾಕುತ್ತಾ ಬರುತ್ತಿದ್ದೆವು. ಇಲ್ಲಿಯೂ ಕ್ರಮ ಅದೇ, 12 ವೋಲ್ಟಿನ ಲೆಕ್ಕ ಎಲ್ಲಿ ಕಳೆದುಹೋಯಿತು ಎಂದು ಹುಡುಕುವುದು. ಅದಕ್ಕೆ ಬೇಕಾದದ್ದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾಧಾರಣ ಮಲ್ಟಿಮೀಟರ್, ಜೊತೆಗೊಬ್ಬರು. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕು ಮೇಲೆ, ಕೈ ಮತ್ತು ಸೀರೆಯ ಸೆರಗು ಫ್ಯಾನಿನಿಂದ ದೂರ. ಕೈಯಲ್ಲಿ ಉಂಗುರ, ಕಡಗ ಬೇಡ.

ಮೊದಲು ಬ್ಯಾಟರಿ. ಗಾಡಿ ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಮೀಟರಿನಲ್ಲಿ 12.6 ವೋಲ್ಟ್ ಬಂದರೆ ಪೂರ್ತಿ ತುಂಬಿದೆ, 12.2 ಬಂದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಖಾಲಿ ಎನ್ನಬಹುದು. ನಂತರ ಕೀ ತಿರುಗಿಸಿ ನೋಡಿ. ತುಂಬಿದ ಬ್ಯಾಟರಿ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಒಳಗೇ ಶಕ್ತಿಯಿಲ್ಲ, ಇಲ್ಲವೇ ಮೋಟರು ಬಿಗಿದುಕೊಂಡು ಹೆಚ್ಚು ಎಳೆಯುತ್ತಿದೆ. ನಮ್ಮ ಬೇಸಿಗೆಯ ಬಿಸಿಲು ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಮುಚ್ಚಳವಿರುವ ಬ್ಯಾಟರಿಯಾದರೆ ನೀರು ನೋಡಿ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರಲ್ಲ.

ನಂತರ ಪ್ಲಸ್ ಕಡೆಯ ದಾರಿ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೆಯೇ ಇಡಿ, ಕ್ಲಾಂಪಿನ ಮೇಲಲ್ಲ. ಕಪ್ಪು ಕಡ್ಡಿಯನ್ನು ಸ್ಟಾರ್ಟರಿಗೆ ದಪ್ಪ ಕೇಬಲ್ ಬಂದು ಸೇರುವ ಬೋಲ್ಟಿಗೆ ಇಡಿ. ಕೀ ತಿರುಗಿಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ಕಳ್ಳನಿದ್ದಾನೆ. ಆಮೇಲೆ ಮೈನಸ್ ಕಡೆ: ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ಮೈಗೆ. ಇಲ್ಲಿ ವೋಲ್ಟಿನ ಕಾಲು ಭಾಗ ದಾಟಬಾರದು. ಜನ ಈ ಮೈನಸ್ ಕಡೆಯನ್ನು ನೋಡುವುದೇ ಇಲ್ಲ. ಹೋದ ಕರೆಂಟು ತಿರುಗಿ ಬ್ಯಾಟರಿಗೆ ಬರಬೇಕಾದ ದಾರಿ ಅದು. ಖರ್ಚಿನ ಕಾಲಮ್ಮು ನೋಡಿ ಜಮಾ ಕಾಲಮ್ಮು ಬಿಟ್ಟ ಹಾಗೆ. ನನಗೆ ಗೊತ್ತಿರುವ ಒಂದು ಕಾರಿಗೆ ಎರಡು ಸಲ ಸೆಲ್ಫ್ ಬದಲಾಯಿಸಿದರು. ಕಡೆಗೆ ನೋಡಿದರೆ ಬಾಡಿಗೆ ಬಣ್ಣ ಹೊಡೆಸಿದಾಗ ಅರ್ತ್ ಪಟ್ಟಿಯ ಬೋಲ್ಟಿನ ಕೆಳಗೂ ಬಣ್ಣ ಕುಳಿತಿತ್ತು. ಕೆರೆದು ಬಿಗಿ ಮಾಡಿದ ಮೇಲೆ ಹಳೆಯ ಸೆಲ್ಫೇ ಓಡುತ್ತಿತ್ತೋ ಏನೋ, ಅದನ್ನು ಆಗಲೇ ಗುಜರಿಗೆ ಹಾಕಿಯಾಗಿತ್ತು.

ಎರಡೂ ಕಡೆ ಸೊನ್ನೆ ಬಂದು, ಬ್ಯಾಟರಿ 12 ವೋಲ್ಟಿನ ಮೇಲೆಯೇ ನಿಂತಿದ್ದರೆ ದಾರಿ ಚೆನ್ನಾಗಿದೆ ಎಂದು ಹಿಗ್ಗಬೇಡಿ. ಕರೆಂಟು ಹರಿಯದಿದ್ದರೆ ನಷ್ಟವೂ ಇರುವುದಿಲ್ಲ. ಆಗ ಸೊಲೆನಾಯ್ಡಿನ ಎರಡನೆಯ ದಪ್ಪ ಬೋಲ್ಟ್ ನೋಡಿ. ಅಲ್ಲಿಂದ ಒಂದು ಗಿಡ್ಡ ಜಡೆಯಂಥ ತಾಮ್ರದ ಪಟ್ಟಿ ಮೋಟರಿನೊಳಗೆ ಹೋಗುತ್ತದೆ. ಕೀ ತಿರುಗಿಸಿದಾಗ ಕೇಬಲ್ ಬೋಲ್ಟಿನಲ್ಲಿ 12 ವೋಲ್ಟ್ ಇದ್ದು ಇದರಲ್ಲಿ ಇಲ್ಲದಿದ್ದರೆ ಒಳಗಿನ ತಾಮ್ರದ ತಟ್ಟೆ ಸುಟ್ಟಿದೆ. ಇದರಲ್ಲೂ 12 ಬಂದು ಮೋಟರು ತಿರುಗದಿದ್ದರೆ ಬ್ರಷ್ ಸವೆದಿದೆ. ಸೆಲ್ಫ್ ಬಿಚ್ಚುವ ಮಾತು ಇಲ್ಲಿಗೆ ಬಂದ ಮೇಲೆ. ಬಿಚ್ಚಿದರೂ ತಟ್ಟೆ, ಬ್ರಷ್, ಬುಷ್ ಬದಲಾಯಿಸಿ ಎಷ್ಟೋ ಸ್ಟಾರ್ಟರುಗಳನ್ನು ಮತ್ತೆ ಓಡಿಸಬಹುದು. ‘ಪಳಯ ಸಾಮಾನ್ ಕೊಡುಂಗ’ ಎಂದು ಹಳೆಯ ಭಾಗ ಕೇಳಿ ಪಡೆಯಿರಿ. ಸವೆದದ್ದನ್ನು ಕಣ್ಣಿಂದ ನೋಡಬಹುದು.

‘ಟಕ್’ ಗಟ್ಟಿಯಾಗಿರದೆ ಸೋತ ದನಿಯಲ್ಲಿ ಬಂದರೆ ಸಣ್ಣ ದಾರಿಯನ್ನೂ ಒಮ್ಮೆ ನೋಡಿ. ಹಳೆಯ ಗಾಡಿಗಳ ಕೀ ಸ್ವಿಚ್ ಸವೆದು ಸೊಲೆನಾಯ್ಡಿಗೆ 8 ಅಥವಾ 9 ವೋಲ್ಟ್ ಮಾತ್ರ ಹೋಗುವುದುಂಟು. ನಡುವೆ ಒಂದು ರಿಲೇ ಹಾಕಿದರೆ ಸರಿಹೋಗುತ್ತದೆ.

ಆದರೆ ಬಹಳ ಸಲ ಇಷ್ಟು ದೂರ ಬರಬೇಕಾಗುವುದಿಲ್ಲ. ಕ್ಲಾಂಪಿನ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿರುತ್ತದೆ. ನಮ್ಮ ಕಿಲುಬು, ತಮಿಳಿನ ಕಳಿಂಬು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕಡೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರಬಾರದೆಂದು ಈ ಕ್ರಮ. ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆಯಿರಿ, ಅದು ಬ್ಯಾಟರಿಯ ಒಳಗೆ ಹೋಗದಿರಲಿ. ಒಣಗಿದ ಮೇಲೆ ಉಪ್ಪುತ್ತಾಳ್ ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುವ ಕಾಗದದಿಂದ ಕಂಬವನ್ನೂ ಕ್ಲಾಂಪಿನ ಒಳಮೈಯನ್ನೂ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಕ್ಲಾಂಪನ್ನು ಸುತ್ತಿಗೆಯಿಂದ ಬಡಿದು ಕೂರಿಸಬೇಡಿ, ಸೀಸದ ಕಂಬ ಮೆತ್ತಗಿರುತ್ತದೆ.

ಇನ್ನು ದಾರಿಯಲ್ಲಿ ನಿಂತಾಗಿನ ಉಪಾಯಗಳು. ಸ್ಪ್ಯಾನರಿನ ಹಿಡಿಯಿಂದ ಸ್ಟಾರ್ಟರಿಗೆ ಮೆಲ್ಲಗೆ ತಟ್ಟಿದರೆ ಸಿಕ್ಕಿಕೊಂಡ ಬ್ರಷ್ ಕುಳಿತು ಒಂದೆರಡು ಸಲ ಎದ್ದುಕೊಳ್ಳಬಹುದು. ಹೊಸ ಸ್ಟಾರ್ಟರುಗಳಲ್ಲಿ ಒಳಗೆ ಅಯಸ್ಕಾಂತದ ತುಂಡುಗಳಿರುತ್ತವೆ, ಜೋರಾಗಿ ಹೊಡೆದರೆ ಒಡೆಯುತ್ತವೆ. ಗೇರು ಹಾಕುವ ಕಾರಾದರೆ ಎರಡನೇ ಗೇರಿನಲ್ಲಿ ಕ್ಲಚ್ ಒತ್ತಿ ತಳ್ಳಿಸಿ, ಓಟ ಬಂದಾಗ ಕ್ಲಚ್ ಬಿಡಿ. ಆಟೋಮ್ಯಾಟಿಕ್ ಕಾರಿಗೆ ಇದು ನಡೆಯದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಈಚಿನ ಇಂಜೆಕ್ಷನ್ ಕಾರುಗಳೂ ತಳ್ಳಿದರೆ ಏಳುವುದಿಲ್ಲ. ಅವುಗಳ ಪಂಪಿಗೇ ಕರೆಂಟು ಬೇಕು. ಬೇರೆ ಗಾಡಿಯ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕುವಾಗ ಪ್ಲಸ್ಸಿಗೆ ಪ್ಲಸ್, ಆಮೇಲೆ ಒಳ್ಳೆಯ ಬ್ಯಾಟರಿಯ ಮೈನಸ್. ಕಡೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕದೆ ಆ ಗಾಡಿಯ ಎಂಜಿನ್ನಿನ ಬರಿಯ ಲೋಹಕ್ಕೆ ಹಾಕಿ. ಬ್ಯಾಟರಿಯಿಂದ ಜಲಜನಕ ಏಳುತ್ತಿರುತ್ತದೆ. ಕಡೆಯ ಜೋಡಣೆಯಲ್ಲಿ ಕಿಡಿ ಹಾರುವುದು ಖಂಡಿತ, ಅದು ಬ್ಯಾಟರಿಯಿಂದ ದೂರ ಹಾರಲಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ.

ಸ್ಕ್ರೂಡ್ರೈವರಿನಿಂದ ಎರಡು ಬೋಲ್ಟನ್ನು ಸೇರಿಸಿ ಎಬ್ಬಿಸುವ ಪದ್ಧತಿಯೊಂದಿದೆ. ಟ್ರ್ಯಾಕ್ಟರಿನ ಪಕ್ಕದಲ್ಲಿ ನೆಲದ ಮೇಲೆ ನಿಂತು ಇದನ್ನು ಮಾಡುವವರನ್ನು ನೀವು ನೋಡಿರಬಹುದು. ಗೇರು ಹಾಕಿದ್ದರೆ ಎಂಜಿನ್ ಎದ್ದ ಕ್ಷಣವೇ ಗಾಡಿ ಮುಂದಕ್ಕೆ ನುಗ್ಗುತ್ತದೆ, ದೊಡ್ಡ ಗಾಲಿ ನಿಂತವನ ಮೇಲೆ ಹತ್ತುತ್ತದೆ. ಹಲವು ದೇಶಗಳಲ್ಲಿ ರೈತರು ಹೀಗೆಯೇ ಸತ್ತಿದ್ದಾರೆ. ಮಕ್ಕಳ ಎದುರಿಗಂತೂ ಇದನ್ನು ಮಾಡಿ ತೋರಿಸಬೇಡಿ.

ಮಳೆಗಾಲದ ಮಾತು ಒಂದು. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಊತಂಗರೆಯಲ್ಲಿ ನಿಲ್ಲಿಸಿದ್ದ ವಾಹನಗಳೇ ನೀರಿನಲ್ಲಿ ಕೊಚ್ಚಿಹೋದವು. ಅಂಥ ನೀರಿನಲ್ಲಿ ಮುಳುಗಿದ ಕಾರು ‘ಟಕ್’ ಎಂದು ನಿಂತರೆ ಸಿಲಿಂಡರಿನೊಳಗೆ ನೀರಿರಬಹುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಬಲವಂತ ಮಾಡಿದರೆ ಒಳಗಿನ ರಾಡ್ ಬಾಗುತ್ತದೆ. ಬ್ಯಾಟರಿಯ ಮೈನಸ್ ಬಿಚ್ಚಿ, ಕಾರನ್ನು ಎಳೆಸಿಕೊಂಡು ಹೋಗಿ, ಪ್ಲಗ್ಗೋ ಇಂಜೆಕ್ಟರೋ ಬಿಚ್ಚಿಸಿ ನೀರು ತೆಗೆಸಬೇಕು.

ಕಡೆಯದಾಗಿ, ಕಾರು ಎದ್ದುಕೊಂಡ ಮೇಲೆ ಮೀಟರನ್ನು ಒಳಗಿಡುವ ಮೊದಲು ಇನ್ನೊಂದು ಸಲ ಬ್ಯಾಟರಿಗೆ ಹಿಡಿಯಿರಿ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಬರಬೇಕು. 12ರ ಹತ್ತಿರವೇ ನಿಂತಿದ್ದರೆ ಆಲ್ಟರ್ನೇಟರ್ ತುಂಬಿಸುತ್ತಿಲ್ಲ, ನಾಳೆ ಬೆಳಿಗ್ಗೆ ಮತ್ತೆ ಅದೇ ಸದ್ದು. ಎಂಜಿನ್ ನಿಲ್ಲಿಸಿ ಅದರ ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡಿ. ಸಡಿಲವಾಗಿದ್ದರೆ ಮೊದಲು ಅದನ್ನು ಬಿಗಿ ಮಾಡಿಸಿ.