ನೋಡಿದ ಮೀನು, ತಿನ್ನುವ ಮೀನು

ಮೈಸೂರಿನ ನಮಗೆ ಸಮುದ್ರವೆಂದರೆ ರಜೆ, ಮೀನೆಂದರೆ ಭಾನುವಾರದ ಊಟ. ಎರಡೂ ಒಂದೇ ದಿನ ಎದುರಾದದ್ದು ಕಳೆದ ಡಿಸೆಂಬರ್‌ನಲ್ಲಿ, ನಾಲ್ವರು ಸಹಪಾಠಿಗಳು ಸ್ಕೂಬಾ ಡೈವಿಂಗ್‌ಗೆಂದು ನೇತ್ರಾಣಿಗೆ ಹೋದಾಗ.

ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಸಮುದ್ರದ ನಡುವೆ ಇರುವ ಪುಟ್ಟ ದ್ವೀಪ ನೇತ್ರಾಣಿ. ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅಲ್ಲಿ ನೀರಿಗಿಳಿದದ್ದನ್ನು ನೋಡಿದ ಮೇಲಂತೂ ನಮ್ಮ ವಯಸ್ಸಿನವರಿಗೆ ಅದು ಕನಸಿನ ಜಾಗ. ದೋಣಿಯಲ್ಲಿ ತರಬೇತುದಾರರು ಹೇಳಿದ ಮೊದಲ ಮಾತು: ‘ಏನನ್ನೂ ಮುಟ್ಟಬೇಡಿ. ಹವಳ ಕಲ್ಲಲ್ಲ, ಜೀವ.’ ಕೆಳಗೆ ಗಿಳಿಮೀನುಗಳು ಬಂಡೆಯ ಪಾಚಿಯನ್ನು ಕೆರೆದು ತಿನ್ನುತ್ತಿದ್ದವು. ಸಂದಿಯೊಂದರಿಂದ ಮುರು ಮೀನು ನಮ್ಮನ್ನೇ ದಿಟ್ಟಿಸುತ್ತಿತ್ತು.

ದಡಕ್ಕೆ ಬಂದು ಊಟಕ್ಕೆ ಕೂತಾಗ ಬಂಗುಡೆ ಫ್ರೈ ಬಂತು. ಒಬ್ಬ ಗೆಳೆಯ ತಟ್ಟೆ ದೂರ ತಳ್ಳಿದ. ‘ಈಗ ತಾನೆ ಮುಖ ನೋಡ್ಕೊಂಡು ಬಂದಿದ್ದೀನಿ ಕಣೋ, ಹೇಗೆ ತಿನ್ನೋದು?’ ಇನ್ನೊಬ್ಬ ನಕ್ಕ: ‘ನೀನು ನೋಡಿದ್ದು ಬಂಗುಡೆ ಮುಖ ಅಲ್ವಲ್ಲೋ!’ ಪಕ್ಕದಲ್ಲಿದ್ದ ದೋಣಿಯ ಅಣ್ಣ ಮೀನುಗಾರರ ಮನೆಯವರು. ‘ಯಾರೂ ತಿನ್ನದಿದ್ರೆ ನಮ್ಮ ಒಲೆ ಉರಿಯೋದಿಲ್ಲ. ಆದ್ರೆ ಎಲ್ಲ ಮೀನೂ ಒಂದೇ ಅಲ್ಲ ಮಾರಾಯ್ರೆ’ ಎಂದರು.

ಅವರ ಮಾತಿನ ಅರ್ಥವನ್ನು ಊರಿಗೆ ಬಂದು ಹುಡುಕಿದೆ. ಬಂಗುಡೆ, ಭೂತಾಯಿ ಗುಂಪಾಗಿ ಬದುಕುವ, ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಮೀನುಗಳು. ಮುರು ಹಾಗಲ್ಲ. ಅದರ ಬೆಳವಣಿಗೆ ನಿಧಾನ. ಆ ಜಾತಿಯ ಬಹುತೇಕ ಮೀನುಗಳು ಹೆಣ್ಣಾಗಿ ಬೆಳೆದು, ದೊಡ್ಡದಾದ ಮೇಲೆ ಗಂಡಾಗುತ್ತವೆ. ದೊಡ್ಡದನ್ನೇ ಆರಿಸಿ ಹಿಡಿದರೆ ಗಂಡುಗಳೇ ಇಲ್ಲವಾಗುತ್ತವೆ. ಗಿಳಿಮೀನು ಕಡಿಮೆಯಾದರೆ ಪಾಚಿ ಹೆಚ್ಚಿ ಹವಳವನ್ನು ಮುಚ್ಚುತ್ತದೆ. ಹವಳ ಸತ್ತರೆ ನೇತ್ರಾಣಿಗೆ ಯಾರು ಹೋಗುತ್ತಾರೆ? ಆ ಅಣ್ಣನ ಡೈವಿಂಗ್ ದಿನಗಳ ಕೂಲಿ ಹುಟ್ಟುವುದು ಬದುಕಿರುವ ಮೀನಿನಿಂದ.

ಡೈವರ್‌ಗಳಲ್ಲೂ ಒಮ್ಮತವಿಲ್ಲ. ಅಮೆರಿಕದ ಖ್ಯಾತ ಸಮುದ್ರ ವಿಜ್ಞಾನಿ ಸಿಲ್ವಿಯಾ ಅರ್ಲ್ ಮೀನು ತಿನ್ನುವುದನ್ನೇ ಬಿಟ್ಟವರು. ಈಟಿ ಹಿಡಿದು ನೀರಿಗಿಳಿದು, ಬೇಕಾದ ಒಂದನ್ನಷ್ಟೇ ಹಿಡಿದು ತಿನ್ನುವವರೂ ಇದ್ದಾರೆ. ನನ್ನ ಗೆಳೆಯ ಇಂದಿಗೂ ಮೀನು ಮುಟ್ಟುತ್ತಿಲ್ಲ. ಅವನ ನಿರ್ಧಾರಕ್ಕೆ ಗೌರವವಿದೆ. ನಾನು ತಿನ್ನುತ್ತೇನೆ, ಕೇಳಿ ತಿನ್ನುತ್ತೇನೆ.

ಮೈಸೂರಿಗೆ ಕಡಲ ಮೀನು ಬರುವುದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ. ಅದು ಯಾವ ಮೀನು, ಎಲ್ಲಿಂದ ಬಂತು ಎಂದು ಕೇಳಲು ಖರ್ಚಿಲ್ಲ. ಬೆರಳುದ್ದದ ಬಂಗುಡೆ ಮರಿ ಅಗ್ಗವೆಂದು ಕೊಳ್ಳದಿರಬಹುದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮೀನು ಮೊಟ್ಟೆಯಿಡಲಿ ಎಂದು ಮೀನುಗಾರರೇ ಎರಡು ತಿಂಗಳು ಸಂಪಾದನೆ ಬಿಟ್ಟು ಕಾಯುತ್ತಾರೆ. ಆಗ ಮೀನು ಸಿಗದಿದ್ದರೆ, ದುಬಾರಿಯಾದರೆ ಗೊಣಗದಿರುವುದು ತಿನ್ನುವ ನಮ್ಮ ಪಾಲಿನ ಕೆಲಸ. ಇಷ್ಟಕ್ಕೆ ಸಮುದ್ರಕ್ಕೆ ಇಳಿಯಲೇಬೇಕೆಂದಿಲ್ಲ.