ನಿಂತುಹೋದ ಲೋಕವೂ ನಿಲ್ಲದ ವಾದವೂ

ಕಳೆದ ವರುಷ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಮಗಳೊಂದಿಗೆ ಬಂದು, ಒಂದು ದೊಡ್ಡ ಇಂಗ್ಲಿಷ್ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಟೀಚರೇ, ಇದನ್ನು ಸ್ವಲ್ಪ ನೋಡಿ ಹೇಳಬೇಕು. ಶನಿವಾರವಾಯಿತೆಂದರೆ ಇವಳೂ ಇವಳ ಗೆಳತಿಯರೂ ಇದರಲ್ಲಿಯೇ ಮುಳುಗಿರುತ್ತಾರೆ. ಇದರೊಳಗೆ ಗುಲಾಮರ ಮಾರಾಟವುಂಟು, ಮನುಷ್ಯರನ್ನು ತಿನ್ನುವವರುಂಟು. ಈ ಆಟವನ್ನು ಬಿಡಿಸಬೇಕೋ, ಹೀಗೆಯೇ ಬಿಡಬೇಕೋ?" ಎಂದು ಕೇಳಿದರು. ಓದದೆ ತೀರ್ಪು ಹೇಳುವುದು ಸರಿಯಲ್ಲವೆಂದೆಣಿಸಿ ನಾನು ಪುಸ್ತಕವನ್ನು ಇಟ್ಟುಕೊಂಡೆನು. ಓದುತ್ತಾ ಹೋದಂತೆ, ಆ ತಾಯಿಯ ಪ್ರಶ್ನೆಯನ್ನೇ ಹೋಲುವ ಪ್ರಶ್ನೆಗಳನ್ನು ಕುರಿತು ದೂರದೇಶಗಳ ವಿದ್ಯಾವಂತರಾದ ಹಿರಿಯರು ಮೂವತ್ತು ವರುಷಗಳಿಗೂ ಮಿಕ್ಕಿ ವಾದಿಸುತ್ತಾ ಬಂದಿರುವರೆಂದು ತಿಳಿಯಿತು. ಇಂಥ ಆಟಗಳು ಈಗ ಅನೇಕ ಮನೆಗಳನ್ನು ಹೊಕ್ಕಿರುವುದರಿಂದ, ನಾನು ತಿಳಿದುಕೊಂಡದ್ದನ್ನು ಹೆತ್ತವರ ಮುಂದೆಯೂ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುತ್ತೇನೆ.

ಮೊದಲು ಆಟವು ಎಂಥದೆಂಬುದನ್ನು ಹೇಳಬೇಕು. 1974ರಲ್ಲಿ ಅಮೇರಿಕಾ ದೇಶದ ಗೇರಿ ಗೈಗಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರಾಗನ್ಸ್' ಎಂಬ ಆಟವನ್ನು ಹೊರತಂದರು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತಲೂ ಕುಳಿತುಕೊಳ್ಳುತ್ತಾರೆ. ಒಬ್ಬರು ನಿರೂಪಕರಾಗಿ, ಕಣ್ಣಿಗೆ ಕಾಣುವ ಊರು, ಕಾಡು, ಶತ್ರು ಇವುಗಳನ್ನು ಬಣ್ಣಿಸುತ್ತಾರೆ. ಉಳಿದವರು ತಲಾ ಒಂದೊಂದು ಪಾತ್ರವನ್ನು ವಹಿಸಿ, ತಾವು ಏನು ಮಾಡುವೆವೆಂದು ಹೇಳುತ್ತಾರೆ. ಕಾರ್ಯವು ಸಂಶಯಾಸ್ಪದವಾಗಿದ್ದಲ್ಲಿ ದಾಳವನ್ನು ಉರುಳಿಸುತ್ತಾರೆ. ನಾಲ್ಕು ಮುಖದ ದಾಳದಿಂದ ಇಪ್ಪತ್ತು ಮುಖದ ದಾಳದವರೆಗೆ ಇದರಲ್ಲಿ ಬಳಕೆಯುಂಟು. ನಮ್ಮ ಕರಾವಳಿಯ ತಾಳಮದ್ದಳೆಯನ್ನು ಕೇಳಿದವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿಯೂ ಅರ್ಥಧಾರಿಗಳು ವೇಷವಿಲ್ಲದೆ ಕುಳಿತು ಪಾತ್ರದ ಮಾತನ್ನು ಆಶುವಾಗಿ ಆಡುತ್ತಾರಷ್ಟೆ. ಆದರೆ ಒಂದು ಭೇದವುಂಟು. ತಾಳಮದ್ದಳೆಯಲ್ಲಿ ಯಾರು ಎಷ್ಟು ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆಯು ಮೊದಲೇ ಗೊತ್ತಾದುದು. ಈ ಆಟದಲ್ಲಿಯಾದರೋ ಕೊನೆಯನ್ನು ಆಟಗಾರರೇ ಕಂಡುಕೊಳ್ಳಬೇಕು. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ. ಮುಂದೆ ಹೇಳುವ ವಾದದ ಬೇರು ಇದರಲ್ಲಿಯೇ ಇದೆ.

ಇಂಥ ಆಟಕ್ಕೆ ಒಂದು ಲೋಕವು ಬೇಕು. ಅಂದರೆ ಭೂಪಟ, ಅರಸರು, ಜನಾಂಗಗಳು, ರೀತಿನೀತಿಗಳು. ಆಟವನ್ನು ಪ್ರಕಟಿಸಿದ ಟಿ.ಎಸ್.ಆರ್. ಎಂಬ ಸಂಸ್ಥೆಯು ಇಂಥ ಲೋಕಗಳನ್ನು ಒಂದೊಂದಾಗಿ ರಚಿಸಿ ಪುಸ್ತಕರೂಪದಲ್ಲಿ ಮಾರುತ್ತಿತ್ತು. 1991ರಲ್ಲಿ ಟಿಮತಿ ಬ್ರೌನ್, ಟ್ರಾಯ್ ಡೆನ್ನಿಂಗ್ ಎಂಬವರು ರಚಿಸಿ, ಬ್ರಾಮ್ ಎಂಬ ಚಿತ್ರಕಾರನ ಚಿತ್ರಗಳಿಂದ ಶೋಭಿಸಿದ 'ಡಾರ್ಕ್ ಸನ್' ಎಂಬ ಲೋಕವು ಪೆಟ್ಟಿಗೆಯ ರೂಪದಲ್ಲಿ ಹೊರಬಂದಿತು. ನನ್ನ ಮೇಜಿನ ಮೇಲೆ ಬಂದದ್ದು ಅದರ ಮುಂದಿನ ಕಾಲದ ಆವೃತ್ತಿ.

ಆ ಲೋಕದ ಹೆಸರು ಅಥಾಸ್. ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಕಾಣುವ ಹಸುರು ಕಾಡುಗಳಾಗಲಿ ತುಂಬಿ ಹರಿಯುವ ಹೊಳೆಗಳಾಗಲಿ ಇಲ್ಲಿಲ್ಲ. ಕೆಂಡದಂಥ ಸೂರ್ಯನ ಕೆಳಗೆ ಎಲ್ಲಿ ನೋಡಿದರೂ ಮರಳುಗಾಡು. ನೀರು ಚಿನ್ನದಷ್ಟು ದುರ್ಲಭ. ಕಬ್ಬಿಣವು ಅಪರೂಪವಾದ ಕಾರಣ ಆಯುಧಗಳು ಎಲುಬು, ಕಲ್ಲು, ಮರ ಇವುಗಳಿಂದ ಮಾಡಲ್ಪಟ್ಟವು. ನಾಣ್ಯಗಳು ಸುಟ್ಟ ಮಣ್ಣಿನವು. ಸಾವು ಅಲ್ಲಿ ಎಷ್ಟು ಸಮೀಪವೆಂದರೆ, ಪ್ರತಿಯೊಬ್ಬ ಆಟಗಾರನೂ ಒಂದರ ಬದಲು ನಾಲ್ಕು ಪಾತ್ರಗಳನ್ನು ಸಿದ್ಧಪಡಿಸಿಟ್ಟುಕೊಳ್ಳಬೇಕೆಂದು ಮೊದಲ ಪೆಟ್ಟಿಗೆಯ ನಿಯಮವೇ ಹೇಳುತ್ತಿತ್ತು.

ಲೋಕವು ಹೀಗೆ ಒಣಗಿದ್ದು ಯಾಕಂದರೆ, ಅಲ್ಲಿನ ಮಂತ್ರವಿದ್ಯೆಗೆ ಬೇಕಾದ ಶಕ್ತಿಯು ಗಿಡಮರಗಳ ಜೀವದಿಂದ ಸೆಳೆಯಲ್ಪಡುತ್ತದೆ. ತಾಳ್ಮೆಯಿಂದ ಕಲಿತವನು ಗಿಡವು ಸಾಯದ ಹಾಗೆ ಅಳತೆಯಿಂದ ತೆಗೆದುಕೊಳ್ಳುತ್ತಾನೆ. ದುರಾಶೆಯುಳ್ಳವನು ಎಲ್ಲವನ್ನೂ ಒಮ್ಮೆಲೇ ಹೀರಿ, ಸುತ್ತಲಿನ ನೆಲವನ್ನು ಬೂದಿಮಾಡಿ, ಬೆಳೆ ಬಾರದ ಬಂಜರಾಗಿಸುತ್ತಾನೆ. ಮೊದಲ ನಿಯಮಗಳ ಪ್ರಕಾರ, ಹೀಗೆ ಕೆಡಿಸುವವನೇ ಬೇಗನೆ ಮೇಲೇರುತ್ತಾನೆ! ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದೆನು. ಕೆಟ್ಟ ದಾರಿಯು ಹತ್ತಿರದ ದಾರಿಯೆಂಬುದನ್ನು ನಾವು ಮಕ್ಕಳಿಗೆ ನೀತಿಪಾಠದಲ್ಲಿ ಹೇಳುತ್ತೇವೆ; ಇಲ್ಲಿ ಅದೇ ಶೋಧನೆಯು ಆಟಗಾರನ ಕೈಗೆ ಕೊಡಲ್ಪಟ್ಟಿದೆ. ಅಭಿಮಾನಿಗಳು ಈ ಲೋಕವನ್ನು ಹೊಗಳುವಾಗ ಸಾಮಾನ್ಯವಾಗಿ ಮೊದಲು ಎತ್ತುವುದು ಈ ಅಂಶವನ್ನೇ.

ನಗರಗಳನ್ನು ಆಳುವವರು ಮಾಂತ್ರಿಕರಾದ ಅರಸರು. ಅವರು ಶತಮಾನಗಟ್ಟಲೆ ಬದುಕಿ, ಗುಲಾಮರಿಂದ ದುಡಿಸಿಕೊಂಡು, ಅವರನ್ನು ಕಾಳಗದ ಅಂಗಳದಲ್ಲಿ ಹೊಡೆದಾಡಿಸಿ ವಿನೋದಪಡುತ್ತಾರೆ. ಇದಲ್ಲದೆ ಇನ್ನೊಂದು ಕಟ್ಟಳೆಯುಂಟು: ಸಾಮಾನ್ಯ ಜನರೂ ಗುಲಾಮರೂ ಓದು ಬರಹವನ್ನು ಕಲಿಯಕೂಡದು; ಕಲಿತವರಿಗೆ ಶಿಕ್ಷೆ. ಅಕ್ಷರವನ್ನು ಬಲ್ಲವನು ಆಳಿಸಿಕೊಳ್ಳಲು ಒಪ್ಪುವುದಿಲ್ಲವೆಂಬುದು ಆ ಅರಸರಿಗೆ ಚೆನ್ನಾಗಿ ಗೊತ್ತು. ಹೆಣ್ಣುಮಕ್ಕಳಿಗೆ ಓದೇಕೆ ಎಂದು ಕೇಳುತ್ತಿದ್ದ ಕಾಲವನ್ನು ತಮ್ಮ ಅಜ್ಜಿಯರ ಬಾಯಿಂದ ಕೇಳಿ ಬಲ್ಲ ನಮ್ಮ ವಾಚಕಿಯರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಇನ್ನು ವಾದಕ್ಕೆ ಬರೋಣ. ಲೋಕವನ್ನು ರಚಿಸಿದವರಲ್ಲಿ ಒಬ್ಬನಾದ ಡೆನ್ನಿಂಗನು 1991ರಿಂದ 1993ರ ವರೆಗೆ ಅದನ್ನೇ ಆಧರಿಸಿ ಐದು ಕಾದಂಬರಿಗಳನ್ನು ಬರೆದನು. ಮೊದಲನೆಯದರಲ್ಲಿಯೇ ಟೀರ್ ನಗರದ ಅರಸನಾದ ಕಲಕನು ಹತನಾಗುತ್ತಾನೆ. ಅದೇ ವರುಷ ಬಂದ ಆಟದ ಪ್ರಸಂಗದಲ್ಲಿ ಆಟಗಾರರು ಗುಲಾಮರಾಗಿ ಆ ಅರಸನ ಕಟ್ಟಡಕ್ಕಾಗಿ ದುಡಿಯುತ್ತಾರೆ. ಆದರೆ ಅವನನ್ನು ಕೆಡಹುವ ಕೆಲಸವು ಕಾದಂಬರಿಯ ವೀರರ ಪಾಲಿಗೆ ಹೋಗುತ್ತದೆ, ಆಟಗಾರರು ಬಹುಮಟ್ಟಿಗೆ ಪ್ರೇಕ್ಷಕರಾಗಿ ಉಳಿಯುತ್ತಾರೆ. ಐದನೆಯ ಪುಸ್ತಕವು ಮುಗಿಯುವಷ್ಟರಲ್ಲಿ ಅರಸರಲ್ಲಿ ಹಲವರೂ, ಎಲ್ಲರಿಗೂ ಭಯಂಕರವಾಗಿದ್ದ ಡ್ರಾಗನ್ನೂ ಇಲ್ಲವಾದರು. 1995ರ ಪರಿಷ್ಕೃತ ಪೆಟ್ಟಿಗೆಯು ಇದೆಲ್ಲವನ್ನೂ ನಡೆದ ಚರಿತ್ರೆಯೆಂದು ಅಂಗೀಕರಿಸಿ, ಭೂಪಟವನ್ನು ಹಿಗ್ಗಿಸಿ, ಪುರಾತನ ಕಾಲದ ರಹಸ್ಯಗಳನ್ನೂ ಬಿಚ್ಚಿ ಹೇಳಿತು.

ಒಂದು ಪಕ್ಷದವರು ಹೇಳುವುದೇನಂದರೆ: ಲೋಕವು ಬದಲಾಗದೆ ಇದ್ದರೆ ಅದು ಗೋಡೆಯ ಚಿತ್ರದಂತೆ, ದಬ್ಬಾಳಿಕೆಯು ಮುರಿಯಬಲ್ಲದೆಂದು ತೋರಿಸಿದ್ದೇ ಆ ಕಾದಂಬರಿಗಳ ಹಿರಿಮೆ. ಇನ್ನೊಂದು ಪಕ್ಷದವರು, "ಅರಸನನ್ನು ಕೆಡಹಬೇಕೆಂದಿದ್ದವರು ನಾವು, ನಮ್ಮ ಕೆಲಸವನ್ನು ಬೇರೆಯವರು ಮಾಡಿ ಮುಗಿಸಿಬಿಟ್ಟರು" ಎನ್ನುತ್ತಾರೆ. ಈ ಎರಡನೆಯ ದೂರು ನನ್ನ ಮನಸ್ಸಿಗೆ ನಾಟಿತು. ಲೆಕ್ಕವನ್ನು ಬಿಡಿಸುತ್ತಿರುವ ಹುಡುಗಿಯ ಕೈಯಿಂದ ಸೀಮೆಸುಣ್ಣವನ್ನು ಕಸಿದು ಉತ್ತರವನ್ನು ತಾನೇ ಬರೆಯುವ ಉಪಾಧ್ಯಾಯಿನಿಯು ತಪ್ಪು ಉತ್ತರವನ್ನು ಬರೆಯುವುದಿಲ್ಲ. ಆದರೂ ಹುಡುಗಿಗೆ ನಷ್ಟವೇ. ನಾನು ಉಪಾಧ್ಯಾಯಿನಿಯಾದ ಮೊದಲ ವರುಷಗಳಲ್ಲಿ ಈ ತಪ್ಪನ್ನು ಎಷ್ಟೋ ಸಾರಿ ಮಾಡಿದ್ದೇನೆ.

1996ರಲ್ಲಿ ಈ ಲೋಕದ ಪ್ರಕಟನೆಯು ನಿಂತಿತು. ಹತ್ತು ಹನ್ನೆರಡು ವರುಷಗಳೊಳಗೆ ಒಂದೇ ಸಂಸ್ಥೆಯು ಅನೇಕ ಲೋಕಗಳನ್ನು ಮಾರಾಟಕ್ಕಿಟ್ಟಿದ್ದರಿಂದ ಕೊಳ್ಳುವವರು ಹಂಚಿಹೋದರೆಂದೂ, ಒಂದನ್ನು ಮೆಚ್ಚಿದವರು ಇನ್ನೊಂದನ್ನು ಕೊಳ್ಳಲಿಲ್ಲವೆಂದೂ ಬಲ್ಲವರು ಹೇಳುತ್ತಾರೆ. ಸಂಸ್ಥೆಯೇ ಸಾಲದಲ್ಲಿ ಮುಳುಗಿ 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಬೇರೊಂದು ಸಂಸ್ಥೆಯ ವಶವಾಯಿತು. ಆದರೂ ಅಭಿಮಾನಿಗಳು ಕೈಚೆಲ್ಲಲಿಲ್ಲ. ಹೊಸ ಒಡೆಯರ ಒಪ್ಪಿಗೆಯಿಂದ, ಕೂಲಿಯಿಲ್ಲದೆ, ಆಟದ ಮುಂದಿನ ಆವೃತ್ತಿಗೆ ಹೊಂದುವಂತೆ ನಿಯಮಗಳನ್ನು ತಾವೇ ಬರೆದು ಲೋಕವನ್ನು ಉಳಿಸಿಕೊಂಡರು. 2010ರಲ್ಲಿ ಅದು ಪುನಃ ಅಚ್ಚಾಯಿತು. ಆಗ ರಚನಕಾರರು ಕಥೆಯನ್ನು ಹಿಂದಕ್ಕೆ ತಂದು, ಕಲಕನು ಸತ್ತ ಸ್ವಲ್ಪ ಕಾಲದಲ್ಲಿಯೇ ನಿಲ್ಲಿಸಿ, ಉಳಿದ ಅರಸರನ್ನು ಆಟಗಾರರಿಗಾಗಿಯೇ ಬಿಟ್ಟುಕೊಟ್ಟರು. 2014ರಲ್ಲಿ ಆಟದ ಐದನೆಯ ಆವೃತ್ತಿಯು ಬಂದ ಮೇಲೆ ಹತ್ತು ವರುಷಗಳವರೆಗೂ ಈ ಲೋಕಕ್ಕೆ ಪ್ರತ್ಯೇಕವಾದ ಗ್ರಂಥವು ದೊರೆಯಲಿಲ್ಲ.

ಈಚಿನ ವಾದವು ಇನ್ನೂ ಗಹನವಾದುದು. ನರರನ್ನು ಮಾರುವುದು ಚರಿತ್ರೆಯಲ್ಲಿ ನಿಜವಾಗಿ ನಡೆದ ಪಾಪ. ಅದನ್ನು ವಿನೋದದ ಸಾಮಗ್ರಿಯಾಗಿ ಮಾಡಿದರೆ, ಯಾರ ಪೂರ್ವಜರು ಅದನ್ನು ಅನುಭವಿಸಿದರೋ ಅವರಿಗೆ ನೋವಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಗುಲಾಮತನವು ಅಲ್ಲಿ ಶತ್ರುವಿನ ಗುರುತು, ಅದನ್ನು ತೆಗೆದುಹಾಕಿದರೆ ಹೋರಾಡುವುದು ಯಾತಕ್ಕಾಗಿ ಎಂದು ಇತರರು ಕೇಳುತ್ತಾರೆ. ಎರಡೂ ಮಾತುಗಳಲ್ಲಿ ಸತ್ಯವುಂಟು. ಕೆಡುಕನ್ನು ಬಣ್ಣಿಸುವುದು ಬೇರೆ, ಕೆಡುಕಿನಲ್ಲಿ ರುಚಿ ಹುಟ್ಟಿಸುವುದು ಬೇರೆ. ಇವೆರಡರಲ್ಲಿ ಯಾವುದು ನಡೆಯುವುದೆಂಬುದು ಬಹುಪಾಲು ನಿರೂಪಕರ ಮೇಲೆಯೂ ಜೊತೆಗೆ ಕುಳಿತವರ ಮೇಲೆಯೂ ಹೊಂದಿಕೊಂಡಿರುವುದರಿಂದ, ಪುಸ್ತಕವೊಂದನ್ನೇ ನೋಡಿ ಇದನ್ನು ತೀರ್ಮಾನಿಸಲಾಗದು.

ಆದಕಾರಣ ನಾನು ಪುಸ್ತಕವನ್ನು ಹಿಂದಿರುಗಿಸುವಾಗ ತಾಯಿಗೆ ಉತ್ತರವನ್ನು ಹೇಳುವ ಮೊದಲು ಮಗಳನ್ನು, "ನಿನ್ನ ಪಾತ್ರವು ಯಾರಮ್ಮಾ?" ಎಂದು ಕೇಳಿದೆನು. ಅವಳು, "ಒಬ್ಬ ಗುಲಾಮ ಹುಡುಗಿ, ಟೀಚರ್. ರಾತ್ರಿಯಲ್ಲಿ ಯಾರಿಗೂ ಕಾಣದಂತೆ ಮರಳಿನ ಮೇಲೆ ಅಕ್ಷರ ಕಲಿಯುತ್ತಿದ್ದಾಳೆ. ಈಗ ಬೇರೆ ಇಬ್ಬರಿಗೆ ಕಲಿಸಬೇಕೆಂದಿದ್ದಾಳೆ, ಆದರೆ ಸಿಕ್ಕಿಬಿದ್ದರೆ ಮೂವರಿಗೂ ಶಿಕ್ಷೆಯಾಗುತ್ತದೆ" ಎಂದಳು. ತಾಯಿಯು ಇದನ್ನು ಅದುವರೆಗೆ ಕೇಳಿರಲಿಲ್ಲ.

ಆಟವನ್ನು ಬಿಡಿಸಬೇಕಾಗಿಲ್ಲವೆಂದೂ, ಆದರೆ ಚಿಕ್ಕ ತಂಗಿಯರನ್ನು ಸೇರಿಸಿಕೊಳ್ಳಬಾರದೆಂದೂ, ಪಾಠಗಳು ಮುಗಿದ ಬಳಿಕವೇ ಆಡತಕ್ಕದ್ದೆಂದೂ ನಾನು ಹೇಳಿದೆನು. ತಾಯಿಗೆ ಕೊಟ್ಟ ಬುದ್ಧಿಮಾತು ಒಂದೇ: ಒಂದು ಶನಿವಾರ ಅವರೊಂದಿಗೆ ಆ ಮೇಜಿನ ಬಳಿ ಕುಳಿತು ಕೇಳಿರಿ; ಇಷ್ಟವಾದರೆ ನೀವೂ ಒಂದು ಪಾತ್ರವನ್ನು ವಹಿಸಿರಿ; ಆದರೆ ಆ ಹುಡುಗಿ ಸಿಕ್ಕಿಬೀಳುವಳೋ ಪಾರಾಗುವಳೋ ಎಂಬುದನ್ನು ಮಾತ್ರ ನೀವು ಹೇಳಬೇಡಿರಿ.