ಹೊಳೆ ಬರುವ ಮುನ್ನ

ನಮ್ಮ ಸೀಮೆಗೆ ಬರದ ಸೀಮೆಯೆಂಬ ಹೆಸರು ಅಂಟಿಕೊಂಡು ಬಹಳ ಕಾಲವಾಯಿತು. ಯಾದಗಿರಿ, ಶಹಾಪುರ, ಸುರಪುರಗಳೆಂದೊಡನೆ ಹೊರಗಿನವರ ಕಣ್ಣಮುಂದೆ ನಿಲ್ಲುವುದು ಸುಡುಬಿಸಿಲು, ಬಿರುಕುಬಿಟ್ಟ ಎರೆಹೊಲ, ಗಂಟುಮೂಟೆ ಕಟ್ಟಿಕೊಂಡು ಗುಳೆ ಹೊರಟ ಸಂಸಾರಗಳು. ಈ ಚಿತ್ರ ಸುಳ್ಳಲ್ಲ. ಆದರೆ ಪೂರ್ತಿಯೂ ಅಲ್ಲ. ಜಿಲ್ಲೆಯ ತೆಂಕಣ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ಯಾದಗಿರಿ ಶಹಾಪುರಗಳ ನಡುವೆ ಭೀಮೆ ಹರಿಯುತ್ತಾಳೆ. ದಂಡೆಯ ಹಳ್ಳಿಗಳಲ್ಲಿ ಹಿರಿಯರು ಬರಗಾಲದ ವರ್ಷಗಳನ್ನು ನೆನೆಯುವಂತೆಯೇ ಹೊಳೆ ಬಂದ ವರ್ಷಗಳನ್ನೂ ನೆನೆಯುತ್ತಾರೆ. ನಾನೂ ಅಂಥದೊಂದು ಹಳ್ಳಿಯಿಂದ ಈ ಕಾಲೇಜಿಗೆ ಬಂದವನು. ಆದುದರಿಂದ ಒಂದು ಪ್ರಶ್ನೆಯನ್ನು ನನ್ನ ಸಹಪಾಠಿಗಳ ಹಾಗೂ ಗುರುಗಳ ಮುಂದಿಡಲು ಬಯಸುತ್ತೇನೆ. ನೆರೆ ಬಂದ ಮೇಲೆ ಮಾಡುವ ಕೆಲಸಗಳು ಎಲ್ಲರಿಗೂ ತಿಳಿದಿವೆ: ಗಂಜಿ ಕೇಂದ್ರ, ದೋಣಿ, ಪರಿಹಾರದ ಹಣ. ನೆರೆ ಬರುವ ಮುನ್ನ ನಮ್ಮ ಗ್ರಾಮ ಪಂಚಾಯಿತಿಗಳೂ ನಗರಸಭೆ, ಪುರಸಭೆಗಳೂ ಮಾಡಬಹುದಾದುದೇನು?

ಮೊದಲು ನಮ್ಮ ನೆರೆಯ ಸ್ವಭಾವವನ್ನು ಅರಿಯಬೇಕು. ಕೃಷ್ಣೆ ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ ಹುಟ್ಟುವವು; ಎರಡೂ ಮಹಾರಾಷ್ಟ್ರದ ಸಹ್ಯಾದ್ರಿಯ ನೆತ್ತಿಗಳು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಮಳೆ ಜಡಿದರೆ ಇಲ್ಲಿ ಹೊಳೆ ಏರುತ್ತದೆ. ನಮ್ಮಲ್ಲಿ ಹನಿ ಮಳೆಯಿಲ್ಲದೆ ಸಜ್ಜೆ ಬಾಡುತ್ತಿರುವಾಗಲೇ ದಂಡೆಯ ಹೊಲ ಮುಳುಗಬಹುದು. 2019ರ ಆಗಸ್ಟಿನ ಕೃಷ್ಣಾ ಪ್ರವಾಹ ಇಂಥದು. ಆಗ ನಾರಾಯಣಪುರದ ಬಸವಸಾಗರದಿಂದ ಐದು ಲಕ್ಷ ಕ್ಯುಸೆಕ್‌ಗೂ ಮಿಕ್ಕು ನೀರು ಹೊರಬಿದ್ದಿತು. ದೇವದುರ್ಗ ಶಹಾಪುರಗಳ ದಾರಿಯಲ್ಲಿರುವ ಹೂವಿನಹೆಡಗಿ ಸೇತುವೆ ಮುಳುಗಿ ಸಂಚಾರ ನಿಂತಿತು. ಈ ಬಗೆಯ ನೆರೆಗೆ ಒಂದು ಗುಣವುಂಟು: ಅದು ದೂರದಿಂದ ಬರುವುದರಿಂದ ಮುಂಚೆಯೇ ಸುದ್ದಿ ಕಳಿಸುತ್ತದೆ.

ಎರಡನೆಯ ಬಗೆಯದು ಸೆಪ್ಟೆಂಬರ್ ಅಕ್ಟೋಬರ್‌ಗಳ ನೆರೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು, ಮೋಡಗಳು ಮೂಡಣದಿಂದ ಒಳನಾಡಿಗೆ ನುಗ್ಗಿದಾಗ ಮಳೆ ನಮ್ಮ ನೆತ್ತಿಯ ಮೇಲೆಯೇ ಸುರಿಯುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದಲ್ಲಿ ಉತ್ತರ ಕರ್ನಾಟಕದಲ್ಲಿ ಆದ ಅನಾಹುತದಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ಕರಾವಳಿ ದಾಟಿ ಬಂದ ಕುಸಿತ ಹೈದರಾಬಾದನ್ನು ಮುಳುಗಿಸಿ, ಮುಂದೆ ಸೊಲ್ಲಾಪುರ ಕಲಬುರಗಿಗಳ ಮೇಲೆ ಸುರಿದು, ಭೀಮೆಯನ್ನು ಉಕ್ಕಿಸಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮೆ ಮತ್ತೆ ದಂಡೆ ಮೀರಿದಳು. ಈ ಬಗೆಯ ನೆರೆ ಸಿಗಿಸುವ ಕಾಲಾವಕಾಶ ಕಡಿಮೆ. ಹೊಳೆಯ ಜೊತೆಗೆ ಊರ ಹಳ್ಳಗಳೂ ಏಕಕಾಲಕ್ಕೆ ತುಂಬುತ್ತವೆ. ತುಂಬಿದ ಹೊಳೆ ಹಳ್ಳದ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೆ ನೂಕುತ್ತದೆ. ಹೊಳೆಯಿಂದ ದೂರವಿರುವ ಓಣಿಗೆ ನೀರು ಹೊಕ್ಕಾಗ ಜನ ಬೆರಗಾಗುವುದು ಈ ಕಾರಣದಿಂದಲೇ.

“ಇಷ್ಟು ದೊಡ್ಡ ಅಣೆಕಟ್ಟೆಗಳಿರುವಾಗ ನೆರೆಯನ್ನು ತಡೆಯಲಾಗದೆ?” ಎಂದು ನಮ್ಮೂರಲ್ಲಿ ಹಲವರು ಕೇಳುವುದುಂಟು. ಇದಕ್ಕೆ ಉತ್ತರ ಒಂದು ಸಣ್ಣ ಲೆಕ್ಕದಲ್ಲಿದೆ. ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯುಸೆಕ್ ನೀರು ಹತ್ತು ಸಾವಿರ ಸೆಕೆಂಡು, ಅಂದರೆ ಎರಡು ಮುಕ್ಕಾಲು ಗಂಟೆ ಹರಿದರೆ ಒಂದು ಟಿ.ಎಂ.ಸಿ. ಆಗುತ್ತದೆ. ನಾಲ್ಕು ಲಕ್ಷ ಕ್ಯುಸೆಕ್ ಹೊಳೆ ಒಂದು ಹಗಲು ಒಂದು ರಾತ್ರಿಯಲ್ಲಿ ತರುವ ನೀರು ಸುಮಾರು 34 ಟಿ.ಎಂ.ಸಿ. ಬಸವಸಾಗರ ಹಿಡಿಯುವುದೇ ಸುಮಾರು 33 ಟಿ.ಎಂ.ಸಿ. ಪೂರಾ ಬರಿದಾಗಿದ್ದರೂ ಅದು ಒಂದೇ ದಿನದಲ್ಲಿ ತುಂಬಿಬಿಡುವುದು. ಮಳೆಗಾಲದ ನಡುವೆ ಅದು ಬರಿದಾಗಿರುವುದೂ ಇಲ್ಲ. ಜಲಾಶಯದಲ್ಲಿ ಐದು ಟಿ.ಎಂ.ಸಿ. ಜಾಗ ಖಾಲಿಯಿಟ್ಟುಕೊಂಡು, ನಾಲ್ಕು ಲಕ್ಷ ಬರುವಾಗ ಮೂರು ಲಕ್ಷ ಬಿಟ್ಟರೆ, ಆ ಜಾಗ ತುಂಬಲು ಸುಮಾರು ಹದಿನಾಲ್ಕು ಗಂಟೆ ಬೇಕು. ಅಂದಮೇಲೆ ಅಣೆಕಟ್ಟೆಯು ದೊಡ್ಡ ನೆರೆಯಿಂದ ನಮ್ಮನ್ನು ಪಾರುಮಾಡಲಾರದು. ಕೆಲವು ಗಂಟೆಗಳ ಬಿಡುವನ್ನು ಮಾತ್ರ ಕೊಡಬಲ್ಲದು. ಆ ಗಂಟೆಗಳನ್ನು ಬಳಸಿಕೊಳ್ಳುವ ಶಕ್ತಿ ಹಳ್ಳಿಗೆ ಇದೆಯೇ ಎಂಬುದೇ ನಿಜವಾದ ಪ್ರಶ್ನೆ.

ಇಲ್ಲಿ ನಮ್ಮ ಚರಿತ್ರೆಯಿಂದ ಒಂದು ಪಾಠವಿದೆ. 1956ರವರೆಗೆ ನಮ್ಮ ಸೀಮೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತಷ್ಟೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಆ ರಾಜಧಾನಿಯನ್ನು ಕೊಚ್ಚಿ ಸಹಸ್ರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ನಿಜಾಮ ಸರಕಾರ ನಮ್ಮ ಕನ್ನಡಿಗರಾದ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿ ಉಪಾಯ ಕೇಳಿತು. ಊರ ಮೇಲ್ಗಡೆ ನೆರೆಯ ನೀರನ್ನು ತಡೆದು ಮೆಲ್ಲನೆ ಬಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸೂಚಿಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಹಾಗೆ ಹುಟ್ಟಿದವು. ಅವರ ಸಲಹೆ ಅಷ್ಟಕ್ಕೇ ನಿಲ್ಲಲಿಲ್ಲ. ಊರೊಳಗೆ ನದಿಯ ದಂಡೆಯನ್ನು ಎತ್ತರಿಸಿ ಉದ್ಯಾನಗಳಿಗೆ ಬಿಡುವುದು, ಚರಂಡಿಗಳನ್ನು ಸರಿಪಡಿಸುವುದು ಇವೂ ಸೇರಿದ್ದವು. ಮೇಲಿನ ಕಟ್ಟೆ ಎಂಜಿನಿಯರರ ಕೆಲಸ. ಊರೊಳಗಿನ ದಂಡೆ ಊರಾಡಳಿತದ ಕೆಲಸ. ನೂರು ವರ್ಷ ಕಳೆದು ಅದೇ ನಗರ 2020ರಲ್ಲಿ ಮತ್ತೆ ಮುಳುಗಿದ್ದು ಏಕೆ? ಕೆರೆಯ ಅಂಗಳಗಳಲ್ಲಿಯೂ ಕಾಲುವೆಗಳ ಮೇಲೆಯೂ ಮನೆಗಳು ಎದ್ದುದು ಅದರ ದೊಡ್ಡ ಕಾರಣಗಳಲ್ಲೊಂದು. ಎರಡನೆಯ ಪಾಠವನ್ನು ಮರೆತುದರ ಫಲವಿದು.

ನಮ್ಮ ಕಾನೂನು ಈ ಹೊಣೆಯನ್ನು ಸ್ಪಷ್ಟವಾಗಿ ಹಂಚಿದೆ. 2005ರ ವಿಪತ್ತು ನಿರ್ವಹಣಾ ಅಧಿನಿಯಮದಂತೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರವಿದೆ. ಜಿಲ್ಲಾಧಿಕಾರಿಗಳು ಅದರ ಅಧ್ಯಕ್ಷರು, ಚುನಾಯಿತ ಸಂಸ್ಥೆಯ ಮುಖ್ಯಸ್ಥರು ಸಹ ಅಧ್ಯಕ್ಷರು. ಸ್ಥಳೀಯ ಸಂಸ್ಥೆಗಳು ತಮ್ಮ ನೌಕರರಿಗೆ ತರಬೇತಿ ಕೊಡಬೇಕು, ಸಲಕರಣೆಗಳನ್ನು ಸಿದ್ಧವಾಗಿಟ್ಟಿರಬೇಕು, ತಮ್ಮ ಮೇರೆಯೊಳಗಿನ ಕಟ್ಟಡಗಳು ನಿಯಮಕ್ಕೆ ಒಳಪಟ್ಟಿವೆಯೇ ಎಂದು ನೋಡಬೇಕು ಎಂದೂ ಅದು ವಿಧಿಸುತ್ತದೆ. ಹಣದ ವಿಷಯಕ್ಕೆ ಬಂದರೆ, ಹದಿನೈದನೆಯ ಹಣಕಾಸು ಆಯೋಗವು ರಾಜ್ಯದ ವಿಪತ್ತು ನಿಧಿಯಲ್ಲಿ ನೂರಕ್ಕೆ ಇಪ್ಪತ್ತು ಭಾಗವನ್ನು ಅಪಾಯ ತಗ್ಗಿಸುವ ಕೆಲಸಗಳಿಗೆಂದೇ ತೆಗೆದಿರಿಸಿತು. ಕೇಳುವವರಿಗೆ ಯೋಜನೆ ಬೇಕು. ಯೋಜನೆ ಬರೆಯಲು ಊರಿನ ಲೆಕ್ಕ ಬೇಕು. ಆ ಲೆಕ್ಕವೇ ನಮ್ಮಲ್ಲಿ ವಿರಳ.

ಹಾಗಾದರೆ ಪಂಚಾಯಿತಿಯ ಕೆಲಸಗಳಾವುವು? ಮೊದಲನೆಯದು, ಅಂಕಿಯನ್ನು ಊರ ಮಾತಿಗೆ ತರುವುದು. ಭೀಮೆಯ ಮಟ್ಟವನ್ನು ಯಾದಗಿರಿಯಲ್ಲಿಯೂ ಕೃಷ್ಣೆಯ ಮಟ್ಟವನ್ನು ಹೂವಿನಹೆಡಗಿಯಲ್ಲಿಯೂ ಕೇಂದ್ರ ಜಲ ಆಯೋಗ ಅಳೆಯುತ್ತದೆ. ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಂದ ಸುದ್ದಿ ಹೋಗುತ್ತದೆ. ಸುದ್ದಿಗೆ ಕೊರತೆಯಿಲ್ಲ. ಆದರೆ “ಮೂರು ಲಕ್ಷ ಕ್ಯುಸೆಕ್ ಬಿಡಲಾಗಿದೆ” ಎಂದು ಡಂಗುರ ಹೊಡೆಸಿದರೆ ದನ ಕಟ್ಟಿದ ಮುದುಕನಿಗೆ ಏನು ತಿಳಿದೀತು? “ನಾಳೆ ಮುಂಜಾನೆ ನೀರು ಹನುಮಪ್ಪನ ಗುಡಿಯ ಮೆಟ್ಟಿಲಿಗೆ ಬರುತ್ತದೆ” ಎಂದರೆ ಅವನು ರಾತ್ರಿಯೇ ಹಗ್ಗ ಬಿಚ್ಚುತ್ತಾನೆ. ಎಷ್ಟು ನೀರು ಬಿಟ್ಟಾಗ ಯಾವ ಹೊಲ, ಯಾವ ದಾರಿ, ಯಾವ ಓಣಿ ಮುಳುಗಿತೆಂಬುದನ್ನು ವರ್ಷ ವರ್ಷವೂ ಬರೆದಿಟ್ಟು, ಶಾಲೆಯ ಗೋಡೆಯ ಮೇಲೆ, ಗುಡಿಯ ಕಂಬದ ಮೇಲೆ ಬಣ್ಣದ ಗೆರೆ ಎಳೆದರೆ ಈ ಭಾಷಾಂತರ ಸಾಧ್ಯ. ಇದಕ್ಕೆ ತಗಲುವ ಖರ್ಚು ಒಂದು ಡಬ್ಬಿ ಬಣ್ಣ.

ಎರಡನೆಯದು, ಜನರ ಪಟ್ಟಿ. ಸುರಪುರ ಸೀಮೆಯ ಕಕ್ಕೇರಾ ಬಳಿ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡಿ ಎಂಬ ನಡುಗಡ್ಡೆಯ ಊರಿದೆ. 2014ರಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ತಂದೆ ಅಣ್ಣತಮ್ಮಂದಿರ ಆಸರೆಯಲ್ಲಿ ತುಂಬಿದ ಹೊಳೆಯನ್ನು ಈಜಿ ದಡ ಸೇರಿದಳು. ಗಡ್ಡಿಯಲ್ಲಿ ಹೆರಿಗೆಗೆ ತಕ್ಕ ವೈದ್ಯಸೌಕರ್ಯವಿರಲಿಲ್ಲ. ನಾಡೆಲ್ಲ ಆ ತಾಯಿಯ ಧೈರ್ಯವನ್ನು ಕೊಂಡಾಡಿತು. ಕೊಂಡಾಡಬೇಕಾದದ್ದೇ. ಆದರೆ ಜುಲೈ ತಿಂಗಳಲ್ಲಿ ಹೊಳೆ ಬರುವುದೂ ಒಂಬತ್ತು ತಿಂಗಳಿಗೆ ಹೆರಿಗೆಯಾಗುವುದೂ ಮುಂಚೆಯೇ ತಿಳಿದ ಸಂಗತಿಗಳು. ಜೂನ್ ತಿಂಗಳಲ್ಲಿಯೇ ಬಸುರಿಯರು, ವೃದ್ಧರು, ಕಾಯಿಲೆಯವರು ಯಾರು ಯಾರೆಂದು ಆಶಾ ಕಾರ್ಯಕರ್ತೆಯೂ ಅಂಗನವಾಡಿ ಕಾರ್ಯಕರ್ತೆಯೂ ಕೂಡಿ ಪಟ್ಟಿ ಮಾಡಿದರೆ, ಅಂಥವರನ್ನು ಮೊದಲೇ ದಡಕ್ಕೆ ಕರೆತಂದು ಇರಿಸಬಹುದು. ಆಗ ಯಾವ ತಾಯಿಯೂ ಧೈರ್ಯ ತೋರಿಸಬೇಕಾದ ಪ್ರಸಂಗವೇ ಬಾರದು.

ಮೂರನೆಯದು, ಹಳ್ಳ ಮತ್ತು ಚರಂಡಿ. ಮಳೆಗಾಲಕ್ಕೆ ಮೊದಲು ಹಳ್ಳದ ಜಾಲಿಯನ್ನು ಕಡಿಯಿಸುವುದು, ಸಣ್ಣ ಸೇತುವೆಗಳ ಕಣ್ಣುಗಳಲ್ಲಿ ಸಿಕ್ಕಿದ ಕಸ ತೆಗೆಯಿಸುವುದು, ಕೆರೆಗಳ ಕೋಡಿ ಕಾಲುವೆಯನ್ನು ಬಿಡಿಸುವುದು. ನಾಲ್ಕನೆಯದು, ಜಾಗದ ವಿವೇಕ. ಹೊಸ ಅಂಗನವಾಡಿಯನ್ನೋ ಆಶ್ರಯ ಮನೆಗಳನ್ನೋ ಕಟ್ಟಿಸುವಾಗ ಜಾಗ ಅಗ್ಗವಾಗಿ ಸಿಕ್ಕಿತೆಂದು ತಗ್ಗಿನಲ್ಲಿ ಕಟ್ಟಿಸದೆ, ಗೋಡೆಯ ಮೇಲಿನ ಆ ಬಣ್ಣದ ಗೆರೆಯನ್ನು ನೋಡಿ ಕಟ್ಟಿಸುವುದು. ಐದನೆಯದು, ದನಕರುಗಳ ಏರ್ಪಾಡು. ದಂಡೆಯ ರೈತ ಮನೆ ಬಿಡಲು ಹಿಂಜರಿಯುವುದು ಹಟದಿಂದಲ್ಲ. ಎತ್ತು ಎಮ್ಮೆಗಳನ್ನು ಬಿಟ್ಟು ಹೋಗಲಾರದೆ, ಹೊಳೆದಂಡೆಯ ಮೋಟರು ಪಂಪನ್ನು ಬಿಚ್ಚಿಡುವವರಿಲ್ಲದೆ. ಎತ್ತರದ ಗೋಮಾಳದಲ್ಲಿ ಮೇವು ನೀರು ಇದೆಯೆಂದು ತಿಳಿದರೆ ಅವನ ಕಾಲು ತಾನೇ ಏಳುತ್ತದೆ.

ಇವೆಲ್ಲ ಸಣ್ಣ ಕೆಲಸಗಳೆಂದು ಯಾರಾದರೂ ಹೇಳಬಹುದು. 1999ರ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಬಡಿದ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರಿನಲ್ಲಿ ‘ಫೈಲಿನ್’ ಬಂದಾಗ ಸತ್ತವರ ಸಂಖ್ಯೆ ಐವತ್ತನ್ನು ಮುಟ್ಟಲಿಲ್ಲ. ಗಾಳಿಯೇನೂ ಮೆತ್ತಗಾಗಿರಲಿಲ್ಲ, ಸುಮಾರು ಹತ್ತು ಲಕ್ಷ ಜನರನ್ನು ಮುಂಚೆಯೇ ಎಬ್ಬಿಸಿ ಕರೆದೊಯ್ದಿದ್ದರು. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಅಲ್ಲಿ ಆಶ್ರಯ ಕಟ್ಟಡಗಳು ಎದ್ದವು, ಹಳ್ಳಿ ಹಳ್ಳಿಗಳಲ್ಲಿ ತಾಲೀಮು ನಡೆಯಿತು. ನಮ್ಮ ಊರಿನಲ್ಲಿಯೂ ವರ್ಷಕ್ಕೊಂದು ದಿನ ಇಂಥ ತಾಲೀಮು ನಡೆಯಲಾರದೆ?

ಕೊನೆಯದಾಗಿ, ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದನ್ನು ಕುರಿತು ಒಂದು ಮಾತು. ನಮ್ಮ ಕಾಲೇಜಿಗೆ ಎರಡೂ ಹೊಳೆಗಳ ದಂಡೆಯ ಹಳ್ಳಿಗಳಿಂದ ಹುಡುಗ ಹುಡುಗಿಯರು ಬರುತ್ತಾರೆ. ಇತಿಹಾಸದ ವಿದ್ಯಾರ್ಥಿಗಳು ಹಿರಿಯರ ಬಾಯಿಂದ ನೆರೆಯ ವರ್ಷಗಳನ್ನು ಬರೆದುಕೊಳ್ಳಲಿ. ಭೂಗೋಳದ ವಿದ್ಯಾರ್ಥಿಗಳು ಆ ಗುರುತುಗಳ ಎತ್ತರ ಅಳೆದು ನಕಾಶೆಯಲ್ಲಿ ಇಳಿಸಲಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಈ ಸಲ ಬೇಸಿಗೆಯಲ್ಲಿ ಹೊಳೆದಂಡೆಯ ಹಳ್ಳಿಯೊಂದರಲ್ಲಿ ನಡೆಯಲಿ. ಹೀಗೆ ಸಿದ್ಧವಾದ ವಹಿಯನ್ನು ಜೂನ್ ತಿಂಗಳ ಮೊದಲು ಆಯಾ ಗ್ರಾಮಸಭೆಯ ಮುಂದಿಟ್ಟರೆ ಅಧ್ಯಕ್ಷರೂ ಅಭಿವೃದ್ಧಿ ಅಧಿಕಾರಿಗಳೂ ಅದನ್ನು ಬೇಡವೆನ್ನಲಾರರೆಂದು ನನ್ನ ನಂಬಿಕೆ. ನಮ್ಮ ಗುರುಗಳು ಒಪ್ಪಿ ಮುಂದಾಳಾಗುವುದಾದರೆ, ನನ್ನ ಊರಿನ ಗೆರೆಗಳನ್ನು ಎಳೆಯುವ ಕೆಲಸಕ್ಕೆ ನಾನು ಮೊದಲ ಹೆಸರು ಕೊಡುತ್ತೇನೆ.